ಟೈರ್ ಕಂಪನಿಗೆ ಹೆಸರಾದ ಗುಡ್‌ಇಯರ್‌ಗೆ ಆ ಕಂಪನಿ ಗೊತ್ತೇ ಇರಲಿಲ್ಲ! ಚಳಿಗಾಲಕ್ಕೆ ಟೈರ್ ಬದಲಿಸಬೇಕೇ?

ಒಲೆಯ ಮೇಲೆ ರಬ್ಬರ್ ತುಂಡು ಬಿತ್ತು, ಗಟ್ಟಿ ರಬ್ಬರ್ ಸಿಕ್ಕಿತು, ಚಾರ್ಲ್ಸ್ ಗುಡ್‌ಇಯರ್ ಕಂಪನಿ ಕಟ್ಟಿ ಕೋಟ್ಯಧೀಶನಾದ. ಹೀಗೊಂದು ಸ್ಫೂರ್ತಿ ಕಥೆ ನಿಮ್ಮ ಗ್ರೂಪಿಗೂ ಬಂದಿರಬಹುದು. ಇದರಲ್ಲಿ ಒಲೆ ನಿಜ. ಕಂಪನಿಯೂ ಕೋಟಿಯೂ ಸುಳ್ಳು.

ಚಳಿಗಾಲ ಬಂತು, ಟೈರ್ ಬದಲಿಸಿ. ಬೇಸಿಗೆ ಬಂತು, ಗಾಳಿ ಕಮ್ಮಿ ಮಾಡಿ ಎನ್ನುವ ಇನ್ನೊಂದು ಬಗೆಯ ಸಲಹೆಯೂ ಓಡಾಡುತ್ತದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯವರು ಇದನ್ನು ಪಾಲಿಸಬೇಕೇ? ಎರಡಕ್ಕೂ ಉತ್ತರ ಒಬ್ಬನೇ ಮನುಷ್ಯನ ಬದುಕಿನಲ್ಲಿದೆ.

ಬೆಲ್ಲದಂತಿದ್ದ ರಬ್ಬರ್

ಗುಡ್‌ಇಯರ್ ಹುಟ್ಟಿದ್ದು 1800ರ ಡಿಸೆಂಬರ್ 29ರಂದು, ಅಮೆರಿಕದ ನ್ಯೂ ಹೇವನ್‌ನಲ್ಲಿ. ತಂದೆಯದು ಗುಂಡಿ, ಕೃಷಿ ಸಲಕರಣೆ ತಯಾರಿಸುವ ವ್ಯಾಪಾರ. ಮಗ ಫಿಲಡೆಲ್ಫಿಯಾದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟ. ಅದು ಮುಳುಗಿತು. ಆಗ ಸಾಲ ತೀರಿಸದವರನ್ನು ಜೈಲಿಗೆ ಹಾಕುವ ಕಾನೂನಿತ್ತು. ಗುಡ್‌ಇಯರ್ ಜೀವನದುದ್ದಕ್ಕೂ ಹಲವು ಸಲ ಆ ಜೈಲು ಕಂಡ.

1834ರಲ್ಲಿ ಆತ ನ್ಯೂಯಾರ್ಕ್‌ನ ಒಂದು ರಬ್ಬರ್ ಅಂಗಡಿಯಲ್ಲಿ ನೀರಿನಲ್ಲಿ ತೇಲಿಸುವ ಜೀವರಕ್ಷಕ ಸಾಧನ ನೋಡಿದ. ಅದರ ಗಾಳಿ ತುಂಬುವ ವಾಲ್ವ್ ಸರಿಯಿಲ್ಲ ಅನ್ನಿಸಿ, ಉತ್ತಮ ವಾಲ್ವ್ ಮಾಡಿ ಒಯ್ದ. ಅಂಗಡಿಯವರು ಬೇರೆಯೇ ಕಷ್ಟ ಹೇಳಿಕೊಂಡರು. ವಾಲ್ವ್ ಇರಲಿ, ರಬ್ಬರೇ ಕೈ ಕೊಡುತ್ತಿತ್ತು. ಬೇಸಿಗೆಯಲ್ಲಿ ಕರಗಿ ಅಂಟಂಟಾಗಿ ನಾರುತ್ತಿತ್ತು, ಚಳಿಯಲ್ಲಿ ಕಲ್ಲಾಗಿ ಬಿರಿಯುತ್ತಿತ್ತು. ಗಿರಾಕಿಗಳು ಮಾಲು ವಾಪಸ್ ತರುತ್ತಿದ್ದರು.

ಆಲೆಮನೆ ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಬೆಲ್ಲದ ಪಾಕ ಬಿಸಿಯಾಗಿದ್ದಾಗ ಎಳೆಯಾಗುತ್ತದೆ, ಆರಿದರೆ ಗಟ್ಟಿಯಾಗಿ ಒಡೆಯುತ್ತದೆ. ಕಚ್ಚಾ ರಬ್ಬರಿನ ಹಣೆಬರಹವೂ ಹೆಚ್ಚುಕಡಿಮೆ ಅದೇ.

ಐದು ವರ್ಷದ ಹಟ

ಗುಡ್‌ಇಯರ್ ರಸಾಯನಶಾಸ್ತ್ರ ಓದಿದವನಲ್ಲ. ಜೈಲಿನಲ್ಲೇ ಹೆಂಡತಿಯ ಲಟ್ಟಣಿಗೆ ತರಿಸಿಕೊಂಡು ರಬ್ಬರ್ ನಾದಲು ಶುರು ಮಾಡಿದ. ಮೆಗ್ನೀಷಿಯಾ ಬೆರೆಸಿದ, ಸುಣ್ಣ ಹಾಕಿದ, ನೈಟ್ರಿಕ್ ಆಮ್ಲದಲ್ಲಿ ಅದ್ದಿದ. ಪ್ರತಿ ಸಲವೂ ಗೆದ್ದೆ ಅನ್ನಿಸುವಷ್ಟರಲ್ಲಿ ಸೋಲು. ಸರ್ಕಾರಿ ಅಂಚೆ ಚೀಲಗಳ ಆರ್ಡರ್ ಸಿಕ್ಕಿತು. ಮಾಡಿಟ್ಟ ಚೀಲಗಳು ಬೇಸಿಗೆಯ ಸೆಕೆಗೆ ಗೋದಾಮಿನಲ್ಲೇ ಅಂಟಿಕೊಂಡು ಹಾಳಾದವು.

ಬೆಲೆ ತೆತ್ತದ್ದು ಮನೆಯವರು. ಹೆಂಡತಿ ಕ್ಲಾರಿಸಾ ಮನೆ ಸಾಮಾನು ಅಡ ಇಟ್ಟು ಒಲೆ ಹೊತ್ತಿಸಿದಳು. ಮಕ್ಕಳ ಶಾಲೆಯ ಪುಸ್ತಕಗಳನ್ನೂ ಮಾರಬೇಕಾಯಿತು. ಹಲವು ಮಕ್ಕಳು ಎಳವೆಯಲ್ಲೇ ತೀರಿಕೊಂಡರು. ಸ್ಫೂರ್ತಿ ಮೆಸೇಜುಗಳಲ್ಲಿ ಈ ಭಾಗ ಇರುವುದಿಲ್ಲ.

ರಬ್ಬರಿಗೆ ಗಂಧಕ ಬೆರೆಸುವ ಉಪಾಯ ನಥಾನಿಯಲ್ ಹೇವರ್ಡ್ ಎಂಬಾತನದು. ಅದರ ಹಕ್ಕನ್ನು ಗುಡ್‌ಇಯರ್ ಕೊಂಡುಕೊಂಡ. 1839ರಲ್ಲಿ ಮ್ಯಾಸಚೂಸೆಟ್ಸ್‌ನ ವೋಬರ್ನ್‌ನಲ್ಲಿ ಗಂಧಕ ಬೆರೆತ ರಬ್ಬರ್ ಬಿಸಿ ಒಲೆಗೆ ತಾಗಿತು. ಅದು ಕರಗಲಿಲ್ಲ, ಚರ್ಮದಂತೆ ಸುಟ್ಟಿತು. ಸುಟ್ಟ ಭಾಗದ ಅಂಚಿನಲ್ಲಿ ಬಾಗಿದರೂ ಮುರಿಯದ ರಬ್ಬರ್ ಉಳಿದಿತ್ತು.

ಹಾಗಾದರೆ ಇದು ಬರೀ ಅದೃಷ್ಟವೇ? ಅಲ್ಲ. ಅದಕ್ಕೆ ಮುಂಚೆ ಐದು ವರ್ಷ ಆತ ಇದನ್ನೇ ಹುಡುಕುತ್ತಿದ್ದ. ಆಮೇಲೆಯೂ ಎಷ್ಟು ಶಾಖ, ಎಷ್ಟು ಹೊತ್ತು, ಎಷ್ಟು ಗಂಧಕ ಎಂದು ಹದ ಹಿಡಿಯಲು ವರ್ಷಗಳೇ ಹಿಡಿದವು. ಅಮೆರಿಕದ ಪೇಟೆಂಟ್ ಸಿಕ್ಕಿದ್ದು 1844ರ ಜೂನ್ 15ರಂದು.

ಗಂಧಕ ಮಾಡುವುದೇನು?

ರಬ್ಬರಿನ ಅಣುಗಳು ಒತ್ತು ಶಾವಿಗೆಯ ಎಳೆಗಳಂತೆ ಉದ್ದ. ಬಿಸಿಯಾದರೆ ಎಳೆಗಳು ಒಂದರ ಮೇಲೊಂದು ಜಾರುತ್ತವೆ, ರಬ್ಬರ್ ಅಂಟಾಗುತ್ತದೆ. ಗಂಧಕ ಬೆರೆಸಿ ಕಾಯಿಸಿದರೆ ಎಳೆ ಎಳೆಗಳ ನಡುವೆ ಅಲ್ಲಲ್ಲಿ ಗಂಟು ಬೀಳುತ್ತದೆ. ಆಗ ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಮೊದಲಿನಂತಾಗುತ್ತದೆ, ಬಿಸಿಲಿಗೆ ಕರಗುವುದಿಲ್ಲ. ಇದಕ್ಕೆ ವಲ್ಕನೈಸೇಷನ್ ಎಂದು ಹೆಸರು. ರೋಮನ್ನರ ಅಗ್ನಿದೇವ ವಲ್ಕನ್‌ನಿಂದ ಬಂದ ಪದ. ಮೈಸೂರಿನ ಮೇಟಗಳ್ಳಿಯಲ್ಲಿ ವಿಕ್ರಾಂತ್ ಹೆಸರಿನಿಂದ ಶುರುವಾದ ಟೈರ್ ಕಾರ್ಖಾನೆಯಲ್ಲೂ, ನಮ್ಮ ಟೈರ್ ಗಾಡಿಯ ಚಕ್ರದಲ್ಲೂ ಇರುವುದು ಇದೇ ವಿದ್ಯೆ.

ಗೆದ್ದರೂ ಸಾಲ ತೀರಲಿಲ್ಲ

ಇಂಗ್ಲೆಂಡಿನಲ್ಲಿ ಥಾಮಸ್ ಹ್ಯಾನ್‌ಕಾಕ್ ಮೊದಲೇ ಪೇಟೆಂಟ್ ಪಡೆದುಬಿಟ್ಟ. ಅಮೆರಿಕದಲ್ಲಿ ಪೇಟೆಂಟ್ ಕದ್ದವರ ಮೇಲೆ ಕೋರ್ಟು ಅಲೆಯಬೇಕಾಯಿತು. 1852ರಲ್ಲಿ ಗುಡ್‌ಇಯರ್ ಪರ ವಾದಿಸಿ ಗೆದ್ದುಕೊಟ್ಟವನು ಆಗ ದೇಶದ ವಿದೇಶಾಂಗ ವ್ಯವಹಾರ ನೋಡುತ್ತಿದ್ದ ಡೇನಿಯಲ್ ವೆಬ್‌ಸ್ಟರ್. ಬಂದ ಹಣವೆಲ್ಲ ಖರ್ಚಿಗೆ, ಪ್ರದರ್ಶನಗಳಿಗೆ, ಹೊಸ ಪ್ರಯೋಗಗಳಿಗೆ ಹೋಯಿತು. 1855ರಲ್ಲಿ ಫ್ರಾನ್ಸ್ ಸರ್ಕಾರದ ಗೌರವ ಪದಕ ಬಂದಾಗ ಆತ ಪ್ಯಾರಿಸ್‌ನಲ್ಲಿ ಸಾಲಗಾರರ ಜೈಲಿನಲ್ಲಿದ್ದ.

1860ರ ಜುಲೈ 1ರಂದು ನ್ಯೂಯಾರ್ಕ್‌ನಲ್ಲಿ ಗುಡ್‌ಇಯರ್ ತೀರಿಕೊಂಡ. ಬಿಟ್ಟುಹೋದದ್ದು ಸುಮಾರು 2 ಲಕ್ಷ ಡಾಲರ್ ಸಾಲ. ಡನ್‌ಲಪ್ ಗಾಳಿ ತುಂಬಿದ ಟೈರ್ ತಂದದ್ದು 1888ರಲ್ಲಿ. ಗುಡ್‌ಇಯರ್ ಟೈರ್ ಕಂಪನಿಯನ್ನು 1898ರಲ್ಲಿ ಫ್ರಾಂಕ್ ಸೀಬರ್ಲಿಂಗ್ ಎಂಬಾತ ಶುರು ಮಾಡಿದ. ಹೆಸರು ಮಾತ್ರ ಗೌರವಕ್ಕೆ ಇಟ್ಟದ್ದು. ಗುಡ್‌ಇಯರ್ ಮನೆಯವರಿಗೆ ಆ ಕಂಪನಿಯ ಸಂಬಂಧವಿಲ್ಲ.

ಹಾಗಾದರೆ ಚಳಿಗಾಲದ ಟೈರ್ ಯಾಕಿದೆ?

ಗುಡ್‌ಇಯರ್ ವಿದ್ಯೆ ಬೇಸಿಗೆಯ ಸಮಸ್ಯೆಯನ್ನು ಚೆನ್ನಾಗಿ ಬಿಡಿಸಿತು, ಚಳಿಯದನ್ನು ಪೂರ್ತಿ ಅಲ್ಲ. ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬೇಸಿಗೆ ಟೈರಿನ ರಬ್ಬರ್ ಬಿಗಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ಹಿಮ ಬೀಳುವ ದೇಶಗಳಿಗೆ ಮೆದು ರಬ್ಬರಿನ, ಸಣ್ಣ ಸಣ್ಣ ಸೀಳುಗಳಿರುವ ಟೈರ್ ಬೇಕು. ಜರ್ಮನಿಯಲ್ಲಿ ಹಿಮ, ಮಂಜುಗಡ್ಡೆ ಇರುವ ರಸ್ತೆಗೆ ಅದು ಕಾನೂನಿನಂತೆ ಕಡ್ಡಾಯ. ಅಲ್ಲಿರುವ ನಮ್ಮವರು ಅಕ್ಟೋಬರಿನಿಂದ ಈಸ್ಟರ್‌ವರೆಗೆ ಒಂದು ಸೆಟ್, ಉಳಿದ ಕಾಲಕ್ಕೆ ಇನ್ನೊಂದು ಸೆಟ್ ಚಕ್ರ ಇಟ್ಟುಕೊಂಡಿರುತ್ತಾರೆ. ಅವರಿಗೆ ಸರಿಯಾದ ಸಲಹೆ ನಮಗೆ ಸರಿಯಾಗಬೇಕಿಲ್ಲ.

ನಮ್ಮ ತಾಲ್ಲೂಕುಗಳಲ್ಲಿ ಧನುರ್ಮಾಸದ ಬೆಳಗಿನ ಚಳಿಯೂ ಸಾಮಾನ್ಯವಾಗಿ 10 ಡಿಗ್ರಿಗಿಂತ ಮೇಲೇ ಇರುತ್ತದೆ. ಚಳಿಗಾಲದ ಮೆದು ಟೈರನ್ನು ನಮ್ಮ ಏಪ್ರಿಲ್ ಬಿಸಿಲಿನ ಡಾಂಬರಿನ ಮೇಲೆ ಓಡಿಸಿದರೆ ಬೇಗ ಸವೆಯುತ್ತದೆ, ಬ್ರೇಕ್ ಹಾಕಿದಾಗ ಗಾಡಿ ಹೆಚ್ಚು ದೂರ ಹೋಗಿ ನಿಲ್ಲುತ್ತದೆ. ಟೈರಿನ ಬದಿಯಲ್ಲಿ ಮೂರು ಶಿಖರದ ಬೆಟ್ಟ, ಒಳಗೆ ಹಿಮದ ಹೂವಿನ ಗುರುತಿದ್ದರೆ ಅದು ಹಿಮಕ್ಕೆ ಪರೀಕ್ಷೆಯಾದ ಟೈರ್. ಅಗ್ಗ ಎಂದು ಹಳೇ ಆಮದು ಟೈರ್ ಕೊಳ್ಳುವ ಮುಂಚೆ ಇದನ್ನು ನೋಡಿ.

ನಾವು ಮಾಡಬೇಕಾದ್ದು

- ಬೇಸಿಗೆಯಲ್ಲಿ ಗಾಳಿ ಕಮ್ಮಿ ಮಾಡಬೇಡಿ. ಗಾಳಿ ಕಮ್ಮಿಯಾದರೆ ಟೈರ್ ಹೆಚ್ಚು ಮಡಚಿ ಬಿಚ್ಚಿ ಇನ್ನಷ್ಟು ಕಾಯುತ್ತದೆ. ಸಿಡಿಯುವ ಅಪಾಯ ಹೆಚ್ಚುವುದು ಆಗಲೇ.
- ಗಾಳಿ ನೋಡಿಸುವುದು ಟೈರ್ ತಣ್ಣಗಿರುವಾಗ, ಬೆಳಿಗ್ಗೆ. ಎಷ್ಟು ಬೇಕೆಂದು ಡ್ರೈವರ್ ಬಾಗಿಲ ಬಳಿಯ ಚೀಟಿಯಲ್ಲಿ ಇರುತ್ತದೆ.
- ಟೈರಿನ ಬದಿಯ ನಾಲ್ಕು ಅಂಕಿ ನೋಡಿ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ವರ್ಷ ಕಳೆದಂತೆ ಓಡದ ಟೈರೂ ಹಳತಾಗಿ ಬಿರಿಯುತ್ತದೆ.
- ಮಳೆಗಾಲಕ್ಕೆ ಮುಂಚೆ ಗೆರೆಗಳ ಆಳ ನೋಡಿಸಿ. ಕಾರಿಗೆ 1.6 ಮಿ.ಮೀ.ಗಿಂತ ಕಮ್ಮಿಯಾದರೆ ಬದಲಿಸಲೇಬೇಕು. ಮೈಸೂರು–ಹುಣಸೂರು ಹೆದ್ದಾರಿಯ ಮಳೆ ನೀರಿನ ಮೇಲೆ ಬೋಳು ಟೈರ್ ಹಿಡಿತ ತಪ್ಪುತ್ತದೆ.

ನಮಗೆ ಋತುಗೊಂದು ಟೈರ್ ಬೇಡ; ಇರುವ ಟೈರಿನ ಗಾಳಿ, ವಯಸ್ಸು, ಗೆರೆ ನೋಡಿಕೊಂಡರೆ ಸಾಕು. ಗುಡ್‌ಇಯರ್ ಕೋಟ್ಯಧೀಶನಾದ ಕಥೆ ಮತ್ತೆ ಬಂದರೆ, ಅದೇ ಗ್ರೂಪಿಗೆ ಇದನ್ನೂ ಕಳುಹಿಸಿ.