ಬಂಜೆಯೆಂಬ ಅಪವಾದವೂ ಆಲ್ಬರ್ಟ್ ನೈಸರನೂ

ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಹೋಗುವ ಗಾಡಿಯಲ್ಲಿ, ಆವಣಿಯ ಸೀತಮ್ಮನಿಗೆ ಹರಕೆ ಹೊತ್ತ ಹೆಂಗಸರ ಮಾತು ಎಷ್ಟೋ ಸಲ ನನ್ನ ಕಿವಿಗೆ ಬಿದ್ದಿದೆ. ಮದುವೆಯಾಗಿ ಆರು ವರ್ಷ, ಎಂಟು ವರ್ಷ, ಮಡಿಲು ತುಂಬಲಿಲ್ಲ. ಬಂಜೆಯೆಂಬ ಅಪವಾದವನ್ನು ಹೊತ್ತು ಬೆಟ್ಟ ಹತ್ತುವವಳು ಹೆಂಡತಿ. ಗಂಡನನ್ನೂ ಪರೀಕ್ಷಿಸಬೇಕೆಂಬುದು ಮನೆಯವರಿಗೆ ತೋರುವುದೇ ಅಪರೂಪ. ಆಗೆಲ್ಲ ನನಗೆ ನೆನಪಾಗುವವನು ಜರ್ಮನಿಯ ವೈದ್ಯ ಆಲ್ಬರ್ಟ್ ನೈಸರ್.

ಅವನು ಹುಟ್ಟಿದ್ದು 1855ರಲ್ಲಿ, ಸೈಲೀಷಿಯದ ಷ್ವೈಡ್ನಿಟ್ಸ್ ಎಂಬ ಊರಿನಲ್ಲಿ, ವೈದ್ಯನೊಬ್ಬನ ಮಗನಾಗಿ. ರಸಾಯನಶಾಸ್ತ್ರದ ಪರೀಕ್ಷೆಗೆ ಎರಡನೆಯ ಸಲ ಕುಳಿತವನೆಂಬುದನ್ನು ನಮ್ಮ ವಿದ್ಯಾರ್ಥಿಗಳ ಸಮಾಧಾನಕ್ಕಾಗಿ ಹೇಳಬಹುದು. 1879ರಲ್ಲಿ, ಇಪ್ಪತ್ತನಾಲ್ಕರ ಹರೆಯದಲ್ಲಿ, ಬ್ರೆಸ್ಲಾವಿನ ಆಸ್ಪತ್ರೆಯಲ್ಲಿ ರೋಗಿಗಳ ಕೀವಿಗೆ ಬಣ್ಣವೂಡಿ ಸೂಕ್ಷ್ಮದರ್ಶಕದಡಿ ನೋಡಿದಾಗ, ಗೊನೋರಿಯಾ ಎಂಬ ಗುಹ್ಯರೋಗದ ಅಣುಜೀವಿ ಜೋಡಿಜೋಡಿಯಾಗಿ ಅವನ ಕಣ್ಣಿಗೆ ಬಿತ್ತು.

ಅದಕ್ಕೆ ಏಳು ವರ್ಷ ಮೊದಲು, 1872ರಲ್ಲಿ, ನ್ಯೂಯಾರ್ಕಿನ ವೈದ್ಯ ಎಮಿಲ್ ನೊಗ್ಗೆರಾಟ್ ಒಂದು ಅಪ್ರಿಯ ಸತ್ಯವನ್ನು ಬರೆದಿದ್ದನು: ರೋಗ ವಾಸಿಯಾಯಿತೆಂದು ನಂಬಿ ಮದುವೆಯಾದ ಗಂಡನಿಂದಲೇ ಹೆಂಡತಿಗೆ ಸೋಂಕು ತಗಲುತ್ತದೆ, ಅವಳ ಬಂಜೆತನಕ್ಕೆ ಎಷ್ಟೋ ವೇಳೆ ಅದೇ ಕಾರಣ. ಸಹವೈದ್ಯರು ಅವನನ್ನು ನಂಬಲಿಲ್ಲ. ನೈಸರನ ಅಣುಜೀವಿ ಅವನ ಪರವಾಗಿ ಸಾಕ್ಷಿ ನುಡಿಯಿತು. ಹೆಣ್ಣಿನಲ್ಲಿ ಈ ಸೋಂಕು ನೋವಿಲ್ಲದೆ, ಉರಿಯಿಲ್ಲದೆ ಅಡಗಿರಬಲ್ಲುದು. ಮೆಲ್ಲನೆ ಗರ್ಭಕೋಶವನ್ನು ದಾಟಿ ಅಂಡನಾಳಗಳನ್ನು ಸೇರಿದರೆ ಅಲ್ಲಿ ಉರಿಯೂತ; ಅದು ಆರಿದ ಮೇಲೆ ಉಳಿಯುವ ಕಲೆ ನಾಳವನ್ನೇ ಮುಚ್ಚಬಹುದು. ಅಂಡಕ್ಕೂ ವೀರ್ಯಾಣುವಿಗೂ ಭೇಟಿಯೇ ಇಲ್ಲ. ನಾಳ ಅರೆಬರೆ ಮುಚ್ಚಿದ್ದರೆ ಗರ್ಭವು ಅದರೊಳಗೇ ನಿಂತು ತಾಯಿಯ ಪ್ರಾಣಕ್ಕೆ ಎರವಾಗುವುದೂ ಉಂಟು.

ಇಂಥವನನ್ನು ಬರಿಯ ಹೊಗಳಿಕೆಯಿಂದ ಮುಗಿಸಲು ನನ್ನಿಂದಾಗದು. ಸಿಫಿಲಿಸ್ ಬಾರದಂತೆ ತಡೆಯುವ ಹಂಬಲದಲ್ಲಿ ಅವನು ಆ ರೋಗಿಗಳ ರಕ್ತರಸವನ್ನು ಬೇರೆ ಹೆಣ್ಣುಮಕ್ಕಳಿಗೆ, ಅವರನ್ನು ಕೇಳದೆಯೇ ಚುಚ್ಚಿದನು. ಅವರಲ್ಲಿ ಕೆಲವರು ವೇಶ್ಯೆಯರು. ಕೆಲವರಿಗೆ ಮುಂದೆ ರೋಗ ಬಂದಿತು. ಅವರ ವೃತ್ತಿಯಿಂದ ಬಂದದ್ದೆಂದು ಅವನು ವಾದಿಸಿದನು. 1900ರಲ್ಲಿ ದಂಡ ತೆತ್ತನು. ಅದೇ ವರ್ಷದ ಕೊನೆಯಲ್ಲಿ, ರೋಗಿಯ ಒಪ್ಪಿಗೆಯಿಲ್ಲದೆ ಇಂಥ ಪ್ರಯೋಗ ಕೂಡದೆಂದು ಪ್ರಷ್ಯಾ ಸರ್ಕಾರ ಆಜ್ಞೆ ಹೊರಡಿಸಿತು. ಹೆಣ್ಣಿನ ಮೇಲಣ ಅಪವಾದವನ್ನು ಅಳಿಸಬಲ್ಲ ಸಾಕ್ಷ್ಯ ಕೊಟ್ಟವನಿಗೆ ಆ ಹೆಣ್ಣುಗಳ ಸಮ್ಮತಿ ಬೇಕೆನಿಸಲಿಲ್ಲ! 1916ರಲ್ಲಿ ಅವನು ತೀರಿಕೊಂಡನು.

ಈಗ ಔಷಧವಿದೆ. ಕ್ಲಮೀಡಿಯಾ ಎಂಬ ಇನ್ನೊಂದು ಸೋಂಕೂ ಇದೇ ಹಾದಿಯಲ್ಲಿ ನಾಳಗಳನ್ನು ಕೆಡಿಸುತ್ತದೆಂದು ತಿಳಿದಿದೆ. ಮದ್ದು ಅಣುಜೀವಿಯನ್ನು ಕೊಲ್ಲುವುದೇ ಹೊರತು ಆಗಲೇ ಬಿದ್ದ ಕಲೆಯನ್ನು ಅಳಿಸದು. ಒಬ್ಬರಿಗೆ ಮಾತ್ರ ಚಿಕಿತ್ಸೆಯಾದರೆ ಇನ್ನೊಬ್ಬರಿಂದ ಸೋಂಕು ಮರಳುತ್ತದೆ. ಆದಕಾರಣ ವೈದ್ಯರು ಗಂಡಹೆಂಡಿರಿಬ್ಬರನ್ನೂ ಬರಹೇಳುತ್ತಾರೆ.