ಗೋಧಿ ಹೊಲದಲ್ಲಿ ಸೇಬು ನೆಟ್ಟ ಸತ್ಯಾನಂದ ಸ್ಟೋಕ್ಸ್



ಈ ಸಲದ ಗೋಡೆ ಪತ್ರಿಕೆಗೆ ಒಬ್ಬ ಮಹನೀಯರ ಜೀವನ ಚರಿತ್ರೆ ಬರೆಯಿರಿ ಅಂತ ಮೇಷ್ಟ್ರು ಹೇಳಿದಾಗ ಗಾಂಧೀಜಿ, ಕಿತ್ತೂರು ಚೆನ್ನಮ್ಮ, ವಿಶ್ವೇಶ್ವರಯ್ಯ ಎಲ್ಲರನ್ನೂ ನಮ್ಮ ತರಗತಿಯವರು ಮೊದಲೇ ಹಂಚಿಕೊಂಡರು. ನಾನು ಆರಿಸಿಕೊಂಡದ್ದು ಸತ್ಯಾನಂದ ಸ್ಟೋಕ್ಸ್ ಅವರನ್ನು. ಈ ಹೆಸರು ನಮ್ಮ ಕಡೆ ಯಾರಿಗೂ ಅಷ್ಟು ಗೊತ್ತಿಲ್ಲ. ಆದರೆ ಸಂತೆಯಲ್ಲಿ ಸಿಮ್ಲಾ ಸೇಬು ಅಂತ ಕೂಗಿ ಮಾರ್ತಾರಲ್ಲ, ಆ ಸೇಬಿನ ಹಿಂದೆ ಇರೋರು ಇವರೇ. ಹಿಮಾಚಲ ಪ್ರದೇಶದಲ್ಲಿ ಇವರ ಹೆಸರು ಗೊತ್ತಿಲ್ಲದ ರೈತ ಇಲ್ಲ ಅಂತ ಹೇಳಬಹುದು.

ಇವರು 1882ನೇ ಇಸವಿ ಆಗಸ್ಟ್ 16ರಂದು ಅಮೆರಿಕ ದೇಶದ ಫಿಲಡೆಲ್ಫಿಯಾ ನಗರದಲ್ಲಿ ಜನಿಸಿದರು. ಮೊದಲಿನ ಹೆಸರು ಸ್ಯಾಮ್ಯುಯೆಲ್ ಇವಾನ್ಸ್ ಸ್ಟೋಕ್ಸ್. ಮನೆತನ ಶ್ರೀಮಂತರದು. ತಂದೆಯವರು ಲಿಫ್ಟ್ ತಯಾರಿಸುವ ಕಂಪನಿ ನಡೆಸುತ್ತಿದ್ದರು. ಲಿಫ್ಟ್ ಅಂದರೆ ದೊಡ್ಡ ದೊಡ್ಡ ಕಟ್ಟಡಗಳಲ್ಲಿ ಜನರನ್ನು ಮೇಲೆ ಕೆಳಗೆ ಒಯ್ಯುವ ಪೆಟ್ಟಿಗೆ. ಮಗ ಅದೇ ಕೆಲಸ ನೋಡಿಕೊಳ್ಳಲಿ ಅಂತ ತಂದೆಗೆ ಆಸೆ ಇತ್ತು. ಮಗನಿಗೆ ಅದು ಬೇಡವಾಯಿತು. 1904ರಲ್ಲಿ, ಇನ್ನೂ 21 ವರ್ಷ, ಹಡಗು ಹತ್ತಿ ನಮ್ಮ ದೇಶಕ್ಕೆ ಬಂದುಬಿಟ್ಟರು. ಬಂದವರು ರಾಜರ ಅರಮನೆ ನೋಡಲಿಕ್ಕೆ ಹೋಗಲಿಲ್ಲ. ಸಿಮ್ಲಾ ಬೆಟ್ಟಗಳ ಕೆಳಗಿನ ಸಬಾಥು ಎಂಬ ಊರಿನಲ್ಲಿ ಕುಷ್ಠರೋಗಿಗಳ ಆಶ್ರಮ ಇತ್ತು, ಅಲ್ಲಿ ಸೇವೆಗೆ ನಿಂತರು. ಮಾರನೇ ವರ್ಷ, 1905ರ ಏಪ್ರಿಲ್ 4ರಂದು, ಕಾಂಗ್ಡಾದಲ್ಲಿ ಭಾರಿ ಭೂಕಂಪವಾಗಿ ಸುಮಾರು 20 ಸಾವಿರ ಜನ ಸತ್ತರು. ಅಲ್ಲಿಗೂ ಹೋಗಿ ಸಂತ್ರಸ್ತರಿಗೆ ನೆರವಾದರು.

ಬೇಸಿಗೆಯ ಬಿಸಿಲು ತಡೆಯಲಾರದೆ ಅವರು ಮೇಲಿನ ಕೋಟ್‌ಗಢ ಎಂಬ ಊರಿಗೆ ಹೋಗುತ್ತಿದ್ದರು. ಸಿಮ್ಲಾದಿಂದ ಸುಮಾರು 80 ಕಿಲೋಮೀಟರ್ ದೂರ. ಒಂದು ಕಡೆ ಆಳದಲ್ಲಿ ಸಟ್ಲೆಜ್ ನದಿ, ಇನ್ನೊಂದು ಕಡೆ ದೇವದಾರು ಕಾಡು. ಅಲ್ಲೇ ಅವರ ಮನಸ್ಸು ನಿಂತಿತು. ಕೆಲವು ವರ್ಷ ಸನ್ಯಾಸಿಯ ಹಾಗೆ ಬದುಕಿದರು, ಆಮೇಲೆ ಅದನ್ನು ಬಿಟ್ಟು 1912ರಲ್ಲಿ ಆ ಕಡೆಯ ಹುಡುಗಿ ಆಗ್ನೆಸ್ ಎಂಬುವರನ್ನು ಮದುವೆಯಾದರು. ಬಾರೋಬಾಗ್ ಎಂಬಲ್ಲಿ ಜಮೀನು ಕೊಂಡು, ಮನೆ ಕಟ್ಟಿ, ರೈತರಾದರು. ಅವರಿಗೆ ಏಳು ಜನ ಮಕ್ಕಳು.

ಇಲ್ಲಿಂದ ಮುಂದಿನದೇ ನನಗೆ ಬಹಳ ಇಷ್ಟವಾದ ಭಾಗ. ಅದಕ್ಕೇ ಇದನ್ನು ಸ್ವಲ್ಪ ಉದ್ದ ಬರೀತೀನಿ, ಓದುವವರು ಬೇಜಾರು ಮಾಡ್ಕೋಬಾರದು.

ಆ ಬೆಟ್ಟದ ಜನ ಗೋಧಿ, ಬಾರ್ಲಿ, ಮೆಕ್ಕೆಜೋಳ, ಆಲೂಗಡ್ಡೆ ಬೆಳೀತಿದ್ದರು. ಭೂಮಿ ನಮ್ಮ ಕಡೆಯ ಹಾಗೆ ಮಟ್ಟಸ ಅಲ್ಲ. ಬೆಟ್ಟವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಕಲ್ಲಿನ ಒಡ್ಡು ಕಟ್ಟಿ, ಅದರ ಹಿಂದೆ ಮಣ್ಣು ನಿಲ್ಲಿಸಿದ ಸಣ್ಣ ಸಣ್ಣ ಹೊಲಗಳು. ಕೆಲವು ಎಷ್ಟು ಕಿರಿದು ಅಂದರೆ ಎತ್ತು ತಿರುಗಿಸಲಿಕ್ಕೂ ಜಾಗ ಸಾಲದು. ಬೆಳೆದದ್ದು ವರ್ಷದ ಊಟಕ್ಕೇ ಮುಗಿದುಹೋಗುತ್ತಿತ್ತು. ಕೈಗೆ ಕಾಸು ಉಳೀತಿರಲಿಲ್ಲ.

ಸೇಬು ಆ ಬೆಟ್ಟಗಳಿಗೆ ಆಗಲೇ ಬಂದಿತ್ತು, ಇದನ್ನು ಸರಿಯಾಗಿ ಹೇಳಬೇಕು. 1870ರಲ್ಲೇ ಕುಲ್ಲು ಕಣಿವೆಯ ಬಂದ್ರೋಲ್‌ನಲ್ಲಿ ಕ್ಯಾಪ್ಟನ್ ಲೀ ಎಂಬ ಇಂಗ್ಲಿಷರವನು ಸೇಬಿನ ತೋಟ ಮಾಡಿದ್ದ. ಆದರೆ ಅವು ಇಂಗ್ಲೆಂಡಿನ ಹುಳಿ ಜಾತಿಗಳು. ನಮ್ಮ ಜನಕ್ಕೆ ಹಣ್ಣು ಅಂದರೆ ಸಿಹಿ ಇರಬೇಕು. ಹುಳಿ ಬೇಕಾದರೆ ಹುಣಸೆ ಇದೆಯಲ್ಲ! ಅದಕ್ಕೇ ಆ ಸೇಬು ಹಳ್ಳಿ ರೈತರ ಬೆಳೆ ಆಗಲಿಲ್ಲ.

ಸ್ಟೋಕ್ಸ್ ಅವರು ಹುಡುಕಿದ್ದು ಸಿಹಿ ಜಾತಿಯನ್ನು. ಅಮೆರಿಕದ ಮಿಸೌರಿ ರಾಜ್ಯದಲ್ಲಿ ಸ್ಟಾರ್ಕ್ ಸಹೋದರರ ನರ್ಸರಿ ಇತ್ತು. ಅವರ ಹತ್ತಿರ ರೆಡ್ ಡೆಲಿಶಿಯಸ್ ಎಂಬ ಕೆಂಪು ಸೇಬು ಇತ್ತು. ಅದರದೂ ಒಂದು ಕಥೆ. ಅಯೋವಾ ಎಂಬ ಕಡೆ ಒಬ್ಬ ರೈತನ ತೋಟದಲ್ಲಿ ಸಾಲು ತಪ್ಪಿ ಒಂದು ಸಸಿ ಹುಟ್ಟಿತಂತೆ. ಅವನು ಅದನ್ನು ಎರಡು ಸಲ ಕಡಿದು ಹಾಕಿದರೂ ಮತ್ತೆ ಚಿಗುರಿತಂತೆ. ಹೋಗಲಿ ಬದುಕಿಕೊಳ್ಳಲಿ ಅಂತ ಬಿಟ್ಟ. ಆ ಗಿಡದ ಹಣ್ಣೇ ಕೊನೆಗೆ ಲೋಕಕ್ಕೆಲ್ಲ ಹರಡಿತು. ಅದರ ಕಸಿ ಗಿಡಗಳನ್ನೇ ಸ್ಟೋಕ್ಸ್ ಅವರು ತರಿಸಿ, 1916ರಲ್ಲಿ ಬಾರೋಬಾಗ್‌ನಲ್ಲಿ ನೆಟ್ಟರು. ಅಷ್ಟು ದೂರದಿಂದ ಗಿಡ ಒಣಗದೆ ಹೇಗೆ ಬರುತ್ತೆ ಅಂತ ನನಗೂ ಅನುಮಾನ ಬಂತು. ಸೇಬಿನ ಗಿಡ ಚಳಿಗಾಲದಲ್ಲಿ ಎಲೆ ಎಲ್ಲ ಉದುರಿಸಿ ನಿದ್ದೆ ಹೋಗುತ್ತದೆ. ಆಗ ಕಿತ್ತು, ಬೇರು ಒಣಗದ ಹಾಗೆ ಕಟ್ಟಿ ಕಳಿಸಬಹುದು. ಎಚ್ಚರ ಆಗುವುದಕ್ಕೆ ಮೊದಲು ನೆಟ್ಟುಬಿಡಬೇಕು.

ಅಂದರೆ ಗಿಡ ಬಂದ ಮೇಲೆ ಗುಂಡಿ ತೋಡುತ್ತೀನಿ ಅಂದರೆ ಆಗೋದಿಲ್ಲ. ಆ ಬೆಟ್ಟಗಳಲ್ಲಿ ಸೇಬಿಗೆ ನೆಲ ಹದ ಮಾಡುವ ಕ್ರಮ ಹೀಗಿದೆ. ಮೊದಲು ಜಾಗ ನೋಡಬೇಕು. ಕಣಿವೆಯ ತಳದಲ್ಲಿ ಹಾಕಬಾರದು, ಯಾಕೆಂದರೆ ತಣ್ಣನೆ ಗಾಳಿ ಭಾರ, ರಾತ್ರಿ ನೀರಿನ ಹಾಗೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಹೂವು ಬಿಟ್ಟಾಗ ಅಲ್ಲಿ ಹಿಮ ಬಿದ್ದರೆ ಎಲ್ಲ ಹೋಯಿತು. ಇಳಿಜಾರೇ ಒಳ್ಳೆಯದು. ನೀರು ನಿಲ್ಲುವ ಜಾಗವೂ ಬೇಡ, ಬೇರು ಕೊಳೆಯುತ್ತದೆ. ಒಡ್ಡು ಸರಿ ಮಾಡಿ, 20ರಿಂದ 25 ಅಡಿಗೆ ಒಂದರಂತೆ ಗುರುತು ಹಾಕಿ, ನವೆಂಬರ್ ಡಿಸೆಂಬರ್‌ನಲ್ಲಿ ಸುಮಾರು 3 ಅಡಿ ಉದ್ದ, 3 ಅಡಿ ಅಗಲ, 3 ಅಡಿ ಆಳದ ಗುಂಡಿ ತೋಡುತ್ತಾರೆ. ತೋಡುವಾಗ ಮೇಲಿನ ಕಪ್ಪು ಮಣ್ಣು ಒಂದು ಕಡೆ, ಕೆಳಗಿನ ಸಾರವಿಲ್ಲದ ಮಣ್ಣು ಇನ್ನೊಂದು ಕಡೆ ಹಾಕಬೇಕು. ಕಲ್ಲು ಆಯ್ದು ತೆಗೀಬೇಕು. ಆಮೇಲೆ ಮೇಲ್ಮಣ್ಣಿಗೆ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಿ ತುಂಬುತ್ತಾರೆ. ನೆಲದ ಮಟ್ಟಕ್ಕಿಂತ ಸ್ವಲ್ಪ ಎತ್ತರಕ್ಕೆ ತುಂಬಬೇಕು, ಮಣ್ಣು ಕುಸಿದು ಕೂರುತ್ತದೆ. ಜನವರಿ ಫೆಬ್ರವರಿಯಲ್ಲಿ ಗಿಡ ಇಡುತ್ತಾರೆ. ಕಸಿ ಕಟ್ಟಿದ ಗಂಟು ಮಣ್ಣಿನ ಮೇಲೆ ಇರಬೇಕು. ಅದು ಹೂತು ಹೋದರೆ ಮೇಲಿನ ಕೊಂಬೆಯೇ ಬೇರು ಬಿಟ್ಟು ಕಸಿ ಮಾಡಿದ್ದು ವ್ಯರ್ಥ.

ನಾನು ಒಂದು ಲೆಕ್ಕ ಮಾಡಿದೆ. ಲೆಕ್ಕದ ಮೇಷ್ಟ್ರು ಇದನ್ನು ದಯವಿಟ್ಟು ನೋಡಬೇಕು. ಒಂದು ಎಕರೆ ಅಂದರೆ 43,560 ಚದರ ಅಡಿ. 20 ಅಡಿಗೆ ಒಂದು ಗಿಡ ಅಂದರೆ ಒಂದಕ್ಕೆ 400 ಚದರ ಅಡಿ. ಹಾಗಾದರೆ ಎಕರೆಗೆ 108 ಗುಂಡಿ. ಒಂದು ಗುಂಡಿಗೆ 27 ಘನ ಅಡಿ ಮಣ್ಣು. ಒಟ್ಟು 2,916 ಘನ ಅಡಿ ಮಣ್ಣನ್ನು ಗುದ್ದಲಿಯಲ್ಲೇ ತೆಗೆದು ಮತ್ತೆ ತುಂಬಬೇಕು. ಅದೂ ಬೆಟ್ಟದ ಚಳಿಯಲ್ಲಿ, ಕಲ್ಲು ನೆಲದಲ್ಲಿ. ಒಂದೂ ಹಣ್ಣು ಕಾಣುವ ಮೊದಲೇ ಇಷ್ಟು ಕೆಲಸ.

ಕೆಲಸಕ್ಕಿಂತ ದೊಡ್ಡ ಕಷ್ಟ ಇನ್ನೊಂದು. ಆ ಕಾಲದ ಸೇಬಿನ ಮರ ಸರಿಯಾಗಿ ಫಲ ಕೊಡಲಿಕ್ಕೆ ಆರೇಳು ವರ್ಷವಾದರೂ ಬೇಕು. ಅಲ್ಲಿಯವರೆಗೆ ಆ ಹೊಲದ ಗೋಧಿಯ ಗತಿ ಏನು? ಹಳ್ಳಿಯವರು ಹಿಂಜರಿದದ್ದು ಇದಕ್ಕೇ. ಇದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನಮ್ಮ ಮನೆಯಲ್ಲಿ ಈ ವರ್ಷ ಇದೇ ಮಾತು ನಡೀತಾ ಇದೆ. ನಮ್ಮಪ್ಪ ಕೆರೆ ಹಿಂದಿನ ಒಂದು ಎಕರೆ ರಾಗಿ ಹೊಲಕ್ಕೆ ಕಸಿ ಮಾವು ಇಡಬೇಕು ಅಂತ ಇದ್ದಾರೆ. ನಮ್ಮಜ್ಜಿ ಬೇಡ ಅಂತಾರೆ. ಮಾವು ಬರೋ ತನಕ ಮುದ್ದೆಗೆ ಏನು ಮಾಡ್ತೀಯ ಅನ್ನೋದು ಅಜ್ಜಿಯ ಪ್ರಶ್ನೆ. ಅಪ್ಪ ಗಿಡದ ಸಾಲಿನ ಮಧ್ಯೆ ರಾಗಿ, ಅವರೆ ಹಾಕಿಕೊಳ್ಳಬಹುದು ಅಂತಾರೆ. ಇನ್ನೂ ತೀರ್ಮಾನ ಆಗಿಲ್ಲ. ಸೇಬಿನ ಬೆಟ್ಟದಲ್ಲೂ ಗಿಡ ಚಿಕ್ಕದಿರುವಾಗ ಮಧ್ಯೆ ಬಟಾಣಿ, ಹುರುಳಿಕಾಯಿ ಬೆಳೆದುಕೊಳ್ತಾರೆ ಅಂತ ನಾನು ಅಜ್ಜಿಗೆ ಹೇಳಿದೆ. ಅಜ್ಜಿ ಅದಕ್ಕೆ ಏನೂ ಅನ್ನಲಿಲ್ಲ.

ಸ್ಟೋಕ್ಸ್ ಅವರು ಬರೀ ಬಾಯಲ್ಲಿ ಹೇಳಿ ಜನರನ್ನು ಒಪ್ಪಿಸಲಿಕ್ಕೆ ಹೋಗಲಿಲ್ಲ. ಮೊದಲು ತಮ್ಮ ನೆಲದಲ್ಲೇ ಬೆಳೆದು ತೋರಿಸಿದರು. ಬೇರೆ ಜಮೀನಿನಲ್ಲಿ ಸಸಿಗಳನ್ನು ಬೆಳೆಸಿ ಹಳ್ಳಿಯವರಿಗೆ ಕಡಿಮೆ ಬೆಲೆಗೆ ಸಿಗುವ ಹಾಗೆ ಮಾಡಿದರು. ಮಾರಾಟಕ್ಕೂ ಸಹಾಯ ಮಾಡಿದರು. ಶ್ರೀಮಂತರು ಒಳ್ಳೆಯ ಬೀಜ, ಒಳ್ಳೆಯ ಗಿಡ ಸಿಕ್ಕಿದರೆ ಗುಟ್ಟಾಗಿ ಇಟ್ಟುಕೊಳ್ಳುವುದನ್ನು ನಾವು ಕೇಳಿದ್ದೇವೆ. ಇವರು ಹಾಗೆ ಮಾಡಲಿಲ್ಲ. 1921ರಲ್ಲಿ ಅವರ ತಾಯಿ ಅಮೆರಿಕದಿಂದ ಕ್ರಿಸ್‌ಮಸ್ ಉಡುಗೊರೆಯಾಗಿ ಗೋಲ್ಡನ್ ಡೆಲಿಶಿಯಸ್ ಎಂಬ ಹಳದಿ ಸೇಬಿನ ಸಸಿಗಳನ್ನು ಕಳಿಸಿದರು. ಇದು ಬಹಳ ಉಪಯೋಗಕ್ಕೆ ಬಂತು. ಕೆಂಪು ಸೇಬು ತನ್ನ ಪರಾಗದಿಂದಲೇ ಸರಿಯಾಗಿ ಕಾಯಿ ಕಟ್ಟುವುದಿಲ್ಲ. ಪಕ್ಕದಲ್ಲಿ ಬೇರೆ ಜಾತಿ ಇರಬೇಕು, ಜೇನುಹುಳ ಓಡಾಡಬೇಕು. ಹಳದಿ ಸೇಬು ಅದಕ್ಕೆ ಒಳ್ಳೆಯ ಜೋಡಿ. ವಿಜ್ಞಾನ ಪಾಠದಲ್ಲಿ ಪರಕೀಯ ಪರಾಗಸ್ಪರ್ಶ ಅಂತ ಓದಿದ್ದೇವಲ್ಲ, ಅದೇ ಇದು.

ಇನ್ನು ಬಿಟ್ಟಿ ಚಾಕರಿಯ ವಿಷಯ. ಆ ಕಡೆ ಅದನ್ನು ಬೇಗಾರ್ ಅನ್ನುತ್ತಿದ್ದರು. ಕೋಟ್‌ಗಢದ ದಾರಿಯಲ್ಲಿ ಟಿಬೆಟ್ ಕಡೆಗೆ ಹೋಗುವ ರಸ್ತೆ ಇತ್ತು. ಇಂಗ್ಲಿಷ್ ಅಧಿಕಾರಿಗಳು ಪ್ರವಾಸಕ್ಕೋ ಬೇಟೆಗೋ ಬಂದರೆ ಅವರ ಸಾಮಾನನ್ನೆಲ್ಲ ಹಳ್ಳಿಯವರು ಹೊರಬೇಕಾಗಿತ್ತು. ಬಿತ್ತನೆ ಕಾಲವೋ ಕೊಯ್ಲಿನ ಕಾಲವೋ ಯಾರೂ ಕೇಳುತ್ತಿರಲಿಲ್ಲ, ಕರೆದಾಗ ಹೋಗಬೇಕು. ತನ್ನ ಹೊಲದಲ್ಲಿ ಗುಂಡಿ ತೋಡಬೇಕಾದ ರೈತ ಬೇರೆಯವರ ಪೆಟ್ಟಿಗೆ ಹೊತ್ತುಕೊಂಡು ಬೆಟ್ಟ ಹತ್ತುತ್ತಿದ್ದರೆ ಹೊಲ ಯಾರು ನೋಡಬೇಕು? ಸ್ಟೋಕ್ಸ್ ಅವರು ಬಿಳಿಯರು, ಅವರನ್ನು ಯಾರೂ ಹೊರಿಸುತ್ತಿರಲಿಲ್ಲ. ಆದರೂ ಅವರು ಹಳ್ಳಿಯವರ ಪರ ನಿಂತರು. ಸರ್ಕಾರಕ್ಕೆ ಕಾಗದದ ಮೇಲೆ ಕಾಗದ ಬರೆದರು, ಜನರನ್ನು ಒಟ್ಟು ಸೇರಿಸಿದರು. ಜನ ಒಗ್ಗಟ್ಟಾಗಿ ಹೊರುವುದಿಲ್ಲ ಅಂದುಬಿಟ್ಟರು. 1921ರಲ್ಲಿ ಅಲ್ಲಿ ಬಿಟ್ಟಿ ಚಾಕರಿ ನಿಂತಿತು. ನನ್ನ ಅಭಿಪ್ರಾಯದಲ್ಲಿ ಇದು ಸೇಬಿಗಿಂತ ದೊಡ್ಡ ಕೆಲಸ. ಇದು ಆಗದಿದ್ದರೆ ಸೇಬೂ ಆಗುತ್ತಿರಲಿಲ್ಲವೇನೋ.

ಅಷ್ಟು ಹೊತ್ತಿಗೆ ಅವರು ಕಾಂಗ್ರೆಸ್ಸಿಗೆ ಸೇರಿ ಖಾದಿ ಉಡುತ್ತಿದ್ದರು. ಸರ್ಕಾರಿ ಕೆಲಸ ಬಿಡಿ ಅಂತ ಗಾಂಧೀಜಿ ಮುಂತಾದ ನಾಯಕರು 1921ರಲ್ಲಿ ಸಹಿ ಹಾಕಿ ಹೊರಡಿಸಿದ ಹೇಳಿಕೆಯಲ್ಲಿ ಸಹಿ ಇದ್ದ ಒಬ್ಬನೇ ಅಮೆರಿಕನ್ ಇವರು. ಅದೇ ಡಿಸೆಂಬರ್‌ನಲ್ಲಿ ಬ್ರಿಟಿಷರು ಇವರನ್ನು ಹಿಡಿದು ಆರು ತಿಂಗಳು ಸಜೆ ಕೊಟ್ಟರು. ಆಗ 1916ರ ಗಿಡಗಳಿಗೆ ಐದು ವರ್ಷ. ಗಿಡ ಬೆಳೆಯುತ್ತಿತ್ತು, ನೆಟ್ಟವರು ಜೈಲಿನಲ್ಲಿದ್ದರು. ಆ ಹಣ್ಣು ಮಾರಾಟಕ್ಕೆ ಬರುವಷ್ಟು ಆದದ್ದು 1920ರ ದಶಕದ ನಡುಭಾಗದ ಹೊತ್ತಿಗೆ. ಕೈಗೆ ದುಡ್ಡು ಬಂದದ್ದನ್ನು ಕಣ್ಣಾರೆ ಕಂಡ ಮೇಲೆ ಒಬ್ಬೊಬ್ಬರಾಗಿ ಹಳ್ಳಿಯವರೂ ತಮ್ಮ ಒಡ್ಡುಗಳಲ್ಲಿ ಗುಂಡಿ ತೋಡಲು ಶುರು ಮಾಡಿದರು.

ಮನೆಯಲ್ಲಿ ಒಂದು ದೊಡ್ಡ ದುಃಖವೂ ಆಯಿತು. ತಾರಾ ಎಂಬ ಮಗ ಎಂಟು ವರ್ಷದವನಿದ್ದಾಗ ಆಮಶಂಕೆಯಿಂದ ತೀರಿಕೊಂಡ. ನಮ್ಮ ಶಾಲೆಯ ಮೂರನೇ ತರಗತಿಯವರಷ್ಟು ವಯಸ್ಸು. ತಂದೆ ತಾಯಿ ಆ ಮಗನ ಹೆಸರಿನಲ್ಲಿ ತಾರಾ ಶಾಲೆ ಅಂತ ತೆರೆದು ಬೆಟ್ಟದ ಮಕ್ಕಳಿಗೆ ವಿದ್ಯೆ ಕೊಟ್ಟರು.

1932ರಲ್ಲಿ ಅವರು ಹಿಂದೂ ಧರ್ಮ ಸೇರಿ ಸತ್ಯಾನಂದ ಅಂತ ಹೆಸರಿಟ್ಟುಕೊಂಡರು. ಹೆಂಡತಿ ಪ್ರಿಯಾದೇವಿ ಆದರು. ಹಳ್ಳಿಯಲ್ಲಿ ಒಂದು ದೇವಸ್ಥಾನವನ್ನೂ ಕಟ್ಟಿಸಿದರು.

ನಮ್ಮೂರಲ್ಲೂ ಸೇಬು ಹಾಕಬಹುದಾ ಅಂತ ನನ್ನ ಗೆಳತಿಯರು ಕೇಳಿದರು. ತಿಂದ ಹಣ್ಣಿನ ಬೀಜವನ್ನು ಶಾಲೆಯ ಹಿಂದೆ ಹೂತವರೂ ಇದ್ದಾರೆ, ಹೆಸರು ಬರೆಯುವುದಿಲ್ಲ. ಬೀಜ ಮೊಳೆತರೂ ಅದೇ ಹಣ್ಣು ಬರುವುದಿಲ್ಲ, ಕಸಿ ಗಿಡವೇ ಆಗಬೇಕು. ಅಲ್ಲದೆ ಸಿಮ್ಲಾ ಸೇಬಿಗೆ ಚಳಿಗಾಲದಲ್ಲಿ ಸಾವಿರ ಗಂಟೆಯಷ್ಟು ಕಾಲ 7 ಡಿಗ್ರಿಗಿಂತ ಕಡಿಮೆ ಚಳಿ ಸಿಗಬೇಕು. ನಮ್ಮೂರಿನ ಚಳಿಗೆ ಅದು ನಿದ್ದೆಯಿಂದ ಎದ್ದೇ ಏಳುವುದಿಲ್ಲ. ಈಗ ಕಡಿಮೆ ಚಳಿ ಸಾಕಾಗುವ ಬೇರೆ ಜಾತಿಗಳು ಬಂದಿವೆ, ಕರ್ನಾಟಕದಲ್ಲೂ ಕೆಲವು ರೈತರು ಹಾಕಿ ನೋಡುತ್ತಿದ್ದಾರೆ. ಅವು ಸ್ಟೋಕ್ಸ್ ಅವರ ಗಿಡ ಅಲ್ಲ.

ಸತ್ಯಾನಂದ ಸ್ಟೋಕ್ಸ್ ಅವರು 1946ರ ಮೇ 14ರಂದು ತೀರಿಕೊಂಡರು. ಸ್ವಾತಂತ್ರ್ಯಕ್ಕೆ ಇನ್ನೂ 15 ತಿಂಗಳು ಇತ್ತು. ಆ ಬೆಟ್ಟದಲ್ಲಿ ಸೇಬು ಹೂವು ಬಿಡುವುದು ಏಪ್ರಿಲ್‌ನಲ್ಲಿ. ಮೇ ತಿಂಗಳಲ್ಲಿ ಕಾಯಿ ನಾವು ಆಡುವ ಗೋಲಿಯಷ್ಟು ಇರುತ್ತದೆ. ಕೀಳುವುದು ಆಗಸ್ಟ್‌ನಲ್ಲಿ.

— 7ನೇ ತರಗತಿಯ ಒಬ್ಬ ವಿದ್ಯಾರ್ಥಿನಿ