ಆನಿ ಬೆಸೆಂಟ್ ಮತ್ತು ಬಾಲಚರರು

ಭಾರತದ ಮೊದಲ ಬಾಲಚರ ದಳವು 1909ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಹುಟ್ಟಿತು. ಅದನ್ನು ಕಟ್ಟಿದವನು ಕ್ಯಾಪ್ಟನ್ ಬೇಕರ್ ಎಂಬ ಆಂಗ್ಲ ಅಧಿಕಾರಿ. ಆದರೆ ಆ ದಳದ ಬಾಗಿಲು ಯುರೋಪಿಯನ್ ಹಾಗೂ ಆಂಗ್ಲೋ-ಇಂಡಿಯನ್ ಹುಡುಗರಿಗೆ ಮಾತ್ರ ತೆರೆದಿತ್ತು. ಶಿಸ್ತು ಕಲಿತ ಭಾರತೀಯ ಬಾಲಕರು ಮುಂದೆ ಕ್ರಾಂತಿಕಾರಿಗಳಾದಾರೆಂಬ ಅಂಜಿಕೆ ಆಳುವವರಲ್ಲಿತ್ತು. ಈ ಬಾಗಿಲನ್ನು ತೆರೆಯಿಸಲು ಶ್ರಮಿಸಿದವರಲ್ಲಿ ಆನಿ ಬೆಸೆಂಟರು ಪ್ರಮುಖರು.

ಆನಿ ಬೆಸೆಂಟರು 1847ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಜನಿಸಿದರು. 1888ರಲ್ಲಿ ಅಲ್ಲಿನ ಬೆಂಕಿಕಡ್ಡಿ ಕಾರ್ಖಾನೆಯ ಬಡ ಹೆಣ್ಣುಮಕ್ಕಳು ಮುಷ್ಕರ ಹೂಡಿದಾಗ ಅವರ ಬೆಂಬಲಕ್ಕೆ ನಿಂತರು. 1893ರಲ್ಲಿ ಭಾರತಕ್ಕೆ ಬಂದ ಮೇಲೆ ಇದೇ ಅವರ ನಾಡಾಯಿತು. 1898ರಲ್ಲಿ ಕಾಶಿಯಲ್ಲಿ ಸೆಂಟ್ರಲ್ ಹಿಂದೂ ಕಾಲೇಜನ್ನು ಸ್ಥಾಪಿಸಿದರು.

ಬಾಲಚರ ಚಳವಳಿಯ ಜನಕನಾದ ಬೇಡನ್ ಪೊವೆಲ್ 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಶಿಬಿರ ನಡೆಸಿದ್ದನು. ಸಿರಿವಂತರ ಮಕ್ಕಳನ್ನೂ ದುಡಿಯುವವರ ಮಕ್ಕಳನ್ನೂ ಬೆರೆಸಿ ನಾಲ್ಕು ಪ್ಯಾಟ್ರೋಲುಗಳನ್ನು ಮಾಡಿದ್ದನು. ಆರೆಂಟು ಮಂದಿಯ ಚಿಕ್ಕ ತಂಡವೇ ಪ್ಯಾಟ್ರೋಲ್. ಅಂಥ ಕೆಲವು ತಂಡಗಳು ಕೂಡಿದರೆ ಒಂದು ದಳ. ಪ್ಯಾಟ್ರೋಲಿನ ನಾಯಕನು ಹೊರಗಿನಿಂದ ಬಂದ ಹಿರಿಯನಲ್ಲ, ತಂಡದ ಹುಡುಗರಲ್ಲಿಯೇ ಒಬ್ಬನು. ತನ್ನವರ ಊಟ, ಬಿಡಾರ, ಕೆಲಸಗಳ ಹೊಣೆ ಅವನದು. ಬಾಲಚರನ ದರ್ಜೆ ಏರುವುದು ಮನೆತನದಿಂದಲ್ಲ, ಗಂಟು ಕಟ್ಟುವುದು, ಪ್ರಥಮ ಚಿಕಿತ್ಸೆ, ನಕ್ಷೆ ಓದುವುದು ಮುಂತಾದ ಪರೀಕ್ಷೆಗಳಲ್ಲಿ ತೇರ್ಗಡೆಯಾಗುವುದರಿಂದ. ಇಂತಹ ವ್ಯವಸ್ಥೆಯೂ ಸಮುದ್ರ ದಾಟಿ ಬಂದೊಡನೆ ಮೈಬಣ್ಣವನ್ನು ಕೇಳಿದ್ದು ವಿಚಿತ್ರವೇ ಸರಿ!

1916ರಲ್ಲಿ ಹೋಂ ರೂಲ್ ಚಳವಳಿಯನ್ನು ಆರಂಭಿಸಿದ ಬೆಸೆಂಟರು ಆ ದಿನಗಳಲ್ಲಿಯೇ ಜಾರ್ಜ್ ಅರುಂಡೇಲರೊಡನೆ ಮದರಾಸಿನಲ್ಲಿ ಇಂಡಿಯನ್ ಬಾಯ್ ಸ್ಕೌಟ್ಸ್ ಅಸೋಸಿಯೇಷನ್ ಸ್ಥಾಪಿಸಿದರು. ಇದರ ಬಾಲಕರು ಟೋಪಿಗೆ ಬದಲಾಗಿ ರುಮಾಲು ಧರಿಸಿದರು, ಭಾರತೀಯ ಗೀತೆಗಳನ್ನು ಹಾಡಿದರು. 1917ರಲ್ಲಿ ಸರ್ಕಾರ ಬೆಸೆಂಟರನ್ನೂ ಅರುಂಡೇಲರನ್ನೂ ಉದಕಮಂಡಲದಲ್ಲಿ ಬಂಧನದಲ್ಲಿರಿಸಿತು. ಬಿಡುಗಡೆಯಾದ ವರ್ಷವೇ ಬೆಸೆಂಟರು ಕಾಂಗ್ರೆಸ್ಸಿನ ಅಧ್ಯಕ್ಷತೆ ವಹಿಸಿದರು.

1921ರಲ್ಲಿ ಬೇಡನ್ ಪೊವೆಲ್ ಭಾರತಕ್ಕೆ ಬಂದಾಗ ಬೆಸೆಂಟರ ಸಂಸ್ಥೆಯು ಅವನ ಸಂಸ್ಥೆಯಲ್ಲಿ ವಿಲೀನಗೊಂಡಿತು. ಬೆಸೆಂಟರು ಭಾರತದ ಗೌರವ ಸ್ಕೌಟ್ ಕಮಿಷನರಾದರು. ಆಗ ಅವರ ವಯಸ್ಸು ಎಪ್ಪತ್ತನ್ನು ಮೀರಿತ್ತು. ಮದನಮೋಹನ ಮಾಳವೀಯರ ಸೇವಾ ಸಮಿತಿಯ ಬಾಲಚರರು ಮಾತ್ರ ಬೇರೆಯಾಗಿಯೇ ಉಳಿದರು.

ಬೆಸೆಂಟರು 1933ರ ಸೆಪ್ಟೆಂಬರ್ 20ರಂದು ಅಡಯಾರಿನಲ್ಲಿ ನಿಧನರಾದರು. ಬೇರೆಬೇರೆಯಾಗಿದ್ದ ಸಂಸ್ಥೆಗಳು 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಎಂದು ಒಂದಾದವು. ಅದರಲ್ಲಿ ಪ್ರವೇಶದ ಬಳಿಕ ಪ್ರಥಮ, ದ್ವಿತೀಯ, ತೃತೀಯ ಸೋಪಾನಗಳು. ಅವುಗಳ ಮೇಲೆ ರಾಜ್ಯ ಪುರಸ್ಕಾರ ಹಾಗೂ ರಾಷ್ಟ್ರಪತಿ ಪುರಸ್ಕಾರ. ದೊಡ್ಡಬಳ್ಳಾಪುರದಲ್ಲಿರುವ ಈ ಸಂಸ್ಥೆಯ ರಾಜ್ಯ ತರಬೇತಿ ಕೇಂದ್ರಕ್ಕೆ ಆನಿ ಬೆಸೆಂಟರ ಹೆಸರನ್ನೇ ಇಡಲಾಗಿದೆ.